ಗಾಯ ಉಳಿಸಿಕೊಂಡ ದೇವರು

ಕಾಯಿಲೆ ಮುಖವನ್ನೇ ಬದಲಿಸಿದಾಗ ಕಥೋಲಿಕ ವಿಶ್ವಾಸಿಗೆ ಅವರ ಧರ್ಮ ಏನು ಕೊಡಬಲ್ಲದು? ಹವಾಯಿಯ ಮೊಲೊಕಾಯ್ ದ್ವೀಪದಲ್ಲಿ ಕುಷ್ಠರೋಗಿಗಳೊಂದಿಗೆ ಬದುಕಿ, ಕುಷ್ಠರೋಗಿಯಾಗಿಯೇ ತೀರಿಕೊಂಡ ಸಂತ ಡೇಮಿಯನ್ ಅವರ ಬದುಕಿನಲ್ಲಿ ಈ ಪ್ರಶ್ನೆಗೆ ಒಂದು ಉತ್ತರವಿದೆ.

1888ರ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ಚಿತ್ರಕಾರ ಎಡ್ವರ್ಡ್ ಕ್ಲಿಫರ್ಡ್ ಮೊಲೊಕಾಯ್ ದ್ವೀಪಕ್ಕೆ ಬಂದಿಳಿದರು. ಕುಷ್ಠರೋಗಿಗಳನ್ನು ಗಡೀಪಾರು ಮಾಡುತ್ತಿದ್ದ ಅಲ್ಲಿನ ಕಲವಾವೊ ಎಂಬ ಹಳ್ಳಿಯಲ್ಲಿ ಬೆಲ್ಜಿಯಂನ ಪಾದ್ರಿ ಡೇಮಿಯನ್ ಹದಿನೈದು ವರ್ಷಗಳಿಂದ ದುಡಿಯುತ್ತಿದ್ದರು. ಅಷ್ಟರಲ್ಲಿ ಅವರಿಗೂ ಅದೇ ರೋಗ ಬಂದಿತ್ತು. ಕ್ಲಿಫರ್ಡ್, ಡೇಮಿಯನ್‌ರನ್ನು ಎದುರಿಗೆ ಕೂರಿಸಿಕೊಂಡು ಭಾವಚಿತ್ರ ಬರೆದರು. ಹಣೆ ಊದಿ ಮಡಿಕೆಗಟ್ಟಿತ್ತು, ಹುಬ್ಬು ಉದುರಿತ್ತು, ಮೂಗು ಕುಸಿದಿತ್ತು, ಕಿವಿಗಳು ಹಿಗ್ಗಿ ದಪ್ಪವಾಗಿದ್ದವು. ಬರೆದ ಚಿತ್ರವನ್ನು ತೋರಿಸಿದಾಗ ಡೇಮಿಯನ್ ಬೆಚ್ಚಿದರು. ತಮ್ಮ ಮುಖ ಇಷ್ಟು ಕುರೂಪವಾಗಿದೆ, ರೋಗ ಇಷ್ಟು ಮುಂದುವರಿದಿದೆ ಎಂಬುದು ತಮಗೇ ಗೊತ್ತಿರಲಿಲ್ಲ ಎಂದರು. ಆ ಊರಿನಲ್ಲಿ ಕನ್ನಡಿಗೆ ಹೆಚ್ಚು ಬೇಡಿಕೆಯಿಲ್ಲ ಎಂದು ಕ್ಲಿಫರ್ಡ್ ಬರೆದಿಟ್ಟಿದ್ದಾರೆ. ಮರುವರ್ಷ, 1889ರ ಏಪ್ರಿಲ್ 15ರಂದು, ಡೇಮಿಯನ್ ತೀರಿಕೊಂಡರು. ಆಗ ಅವರಿಗೆ 49 ವರ್ಷ.

ಕನ್ನಡಿಯಲ್ಲಿ ಗುರುತು ಸಿಗದ ಮುಖವೊಂದು ಎದುರಾಗುವ ಘಳಿಗೆ ಇಂದಿಗೂ ಎಷ್ಟೋ ಮನೆಗಳಲ್ಲಿ ಬರುತ್ತದೆ. ಕೀಮೊಥೆರಪಿಯಿಂದ ತಲೆಗೂದಲು, ಹುಬ್ಬು, ರೆಪ್ಪೆ ಎಲ್ಲ ಉದುರಿದವರಿದ್ದಾರೆ. ಸ್ಟೀರಾಯ್ಡ್ ಮಾತ್ರೆಯಿಂದ ಕೆನ್ನೆ ಊದಿಕೊಂಡವರು, ಕ್ಯಾನ್ಸರಿಗೆ ಸ್ತನ ಕಳೆದುಕೊಂಡವರು, ಬೆಂಕಿಗೆ ಸಿಕ್ಕಿ ಬದುಕಿ ಬಂದವರು, ಲಕ್ವ ಹೊಡೆದು ಬಾಯಿ ಸೊಟ್ಟಗಾದವರು, ಮೈಮೇಲೆ ತೊನ್ನು ಹರಡಿದವರು ಇದ್ದಾರೆ. ನೋವಿಗೆ ಮಾತ್ರೆ ಇದೆ. ಎದುರಿಗೆ ಬಂದವರು ಒಮ್ಮೆ ನೋಡಿ ತಟ್ಟನೆ ಬೇರೆ ಕಡೆ ತಿರುಗುತ್ತಾರಲ್ಲ, ಅದಕ್ಕೆ ಮಾತ್ರೆಯಿಲ್ಲ. ಇವರಲ್ಲಿ ದೇವರನ್ನು ನಂಬಿದವರಿಗೆ ಇನ್ನೊಂದು ಸಂಕಟವೂ ಇದೆ. ಈ ಮುಖ ಕೊಟ್ಟವನೂ ಅವನೇ, ಕೆಡಿಸಿದವನೂ ಅವನೇ ಆಗಿದ್ದರೆ ಅವನ ಮುಂದೆ ಏನೆಂದು ಪ್ರಾರ್ಥಿಸುವುದು?

ಕಥೋಲಿಕ ಧರ್ಮದಲ್ಲಿ ಈ ಪ್ರಶ್ನೆಗೆ ಸಿಗುವ ಅತ್ಯಂತ ಆಳವಾದ ಉತ್ತರವನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ: ಕಾಯಿಲೆ ಪವಿತ್ರವಲ್ಲ, ಕಾಯಿಲೆ ಬಿದ್ದ ಮನುಷ್ಯ ಪವಿತ್ರ, ಅವರ ಬದಲಾದ ಮುಖವೂ ಪವಿತ್ರ. ಇವೆರಡನ್ನೂ ಕಲಸಿಬಿಟ್ಟಾಗಲೆಲ್ಲ ಚರ್ಚು ರೋಗಿಗಳನ್ನು ನೋಯಿಸಿದೆ. ಬೇರ್ಪಡಿಸಿ ನೋಡಿದಾಗ ಅದರೊಳಗಿಂದ ಡೇಮಿಯನ್‌ರಂಥವರು ಬಂದಿದ್ದಾರೆ.

ಸಮುದ್ರ ಒಂದು ಕಡೆ, ಬಂಡೆ ಇನ್ನೊಂದು ಕಡೆ

ಹವಾಯಿ ಆಗ ಸ್ವತಂತ್ರ ರಾಜ್ಯ. ಹೊರಗಿನಿಂದ ಬಂದ ಕಾಯಿಲೆಗಳು ಅಲ್ಲಿನ ಮೂಲನಿವಾಸಿಗಳನ್ನು ಮುರಿದುಹಾಕಿದ್ದವು. ಕುಷ್ಠ ಹರಡುವುದನ್ನು ತಡೆಯಲು 1865ರಲ್ಲಿ ಐದನೆಯ ಕಮೆಹಮೆಹಾ ರಾಜನ ಕಾಲದಲ್ಲಿ ಒಂದು ಕಾನೂನು ಬಂತು. ರೋಗವಿದೆ ಎಂದು ಕಂಡುಬಂದವರನ್ನು ಹಿಡಿದು ಕಲವಾವೊ ಹಳ್ಳಿಯಿರುವ, ಮೊಲೊಕಾಯ್ ದ್ವೀಪದ ಕಲಾವುಪಾಪ ಎಂಬ ಮೂಲೆಗೆ ಸಾಗಿಸಲು ಅದು ಅಧಿಕಾರ ಕೊಟ್ಟಿತು. ಮೂರು ಕಡೆ ಒರಟು ಸಮುದ್ರ, ನಾಲ್ಕನೆಯ ಕಡೆ ಸಾವಿರಾರು ಅಡಿ ಎತ್ತರದ ಕಡಿದಾದ ಬಂಡೆ. 1866ರ ಜನವರಿಯಲ್ಲಿ ಮೊದಲ ತಂಡ ಅಲ್ಲಿಗೆ ಬಂತು. ಅಂದಿನಿಂದ 1969ರಲ್ಲಿ ಪ್ರತ್ಯೇಕವಾಸದ ಕಾನೂನು ರದ್ದಾಗುವವರೆಗೆ ಸುಮಾರು 8,000 ಮಂದಿಯನ್ನು ಅಲ್ಲಿಗೆ ಕಳಿಸಲಾಯಿತು. ಅವರಲ್ಲಿ ಬಹುಪಾಲು ಹವಾಯಿಯ ಮೂಲನಿವಾಸಿಗಳು. ಮಕ್ಕಳನ್ನು ತಾಯಿಯಿಂದ, ಗಂಡನನ್ನು ಹೆಂಡತಿಯಿಂದ ಕಿತ್ತು ಒಯ್ಯಲಾಯಿತು. ರೋಗವಿಲ್ಲದಿದ್ದರೂ ತಮ್ಮವರನ್ನು ಬಿಟ್ಟಿರಲಾರದೆ ಜೊತೆಗೆ ಹೊರಟುಬಂದ ಗಂಡಂದಿರು, ಹೆಂಡತಿಯರು, ಬಂಧುಗಳು ಇದ್ದರು. ಡೇಮಿಯನ್ ಬರುವ ಮೊದಲೇ ಅವರು ಅಲ್ಲಿದ್ದರು ಎಂಬುದನ್ನು ಮರೆಯಬಾರದು. ಅವರ ಹೆಸರಿನಲ್ಲಿ ಯಾವ ಹಬ್ಬವೂ ಇಲ್ಲ.

ಡೇಮಿಯನ್ ಹುಟ್ಟಿದ್ದು 1840ರಲ್ಲಿ, ಬೆಲ್ಜಿಯಂನ ಟ್ರೆಮೆಲೊ ಎಂಬ ಊರಿನ ರೈತ ಕುಟುಂಬದಲ್ಲಿ. ಹವಾಯಿಗೆ ಹೋಗಬೇಕಿದ್ದವರು ಅದೇ ಧಾರ್ಮಿಕ ಸಭೆಗೆ ಸೇರಿದ್ದ ಅವರ ಅಣ್ಣ. ಅಣ್ಣ ಕಾಯಿಲೆ ಬಿದ್ದದ್ದರಿಂದ ತಮ್ಮ ಹೊರಟರು. 1864ರಲ್ಲಿ ಹೊನೊಲುಲುವಿನಲ್ಲಿ ಗುರುದೀಕ್ಷೆಯಾಯಿತು. 1873ರ ಮೇ 10ರಂದು ಅವರು ಮೊಲೊಕಾಯ್‌ಗೆ ಬಂದಾಗ ತಂಗಲು ಮನೆ ಇರಲಿಲ್ಲ. ಮೊದಲ ಕೆಲವು ರಾತ್ರಿಗಳನ್ನು ಇಗರ್ಜಿಯ ಪಕ್ಕದ ಕೇದಗೆ ಜಾತಿಯ ಮರವೊಂದರ ಕೆಳಗೆ ಕಳೆದರು.

ಆಮೇಲಿನ ವರ್ಷಗಳಲ್ಲಿ ಅವರು ಮಾಡಿದ ಕೆಲಸಗಳಲ್ಲಿ ಹೆಚ್ಚಿನವು ಬಡಗಿಯವು, ಗಾರೆಯವನವು, ದಾದಿಯವು. ಮನೆ ಕಟ್ಟಿದರು, ನೀರಿನ ಕೊಳವೆ ಎಳೆಸಿದರು, ಹುಣ್ಣು ತೊಳೆದು ಪಟ್ಟಿ ಕಟ್ಟಿದರು, ಗುಂಡಿ ತೋಡಿದರು, ನೂರಾರು ಶವಪೆಟ್ಟಿಗೆಗಳನ್ನು ತಾವೇ ಮಾಡಿದರು. ಗಾಯನವೃಂದ ಕಟ್ಟಿದರು, ವಾದ್ಯದ ತಂಡ ಕಟ್ಟಿದರು. ರೋಗಿಗಳ ಜೊತೆ ಒಂದೇ ಪಾತ್ರೆಗೆ ಕೈಹಾಕಿ ಕೆಸುವಿನ ಗೆಡ್ಡೆಯ ಗಂಜಿಯಂಥ ಪೊಯಿ ಉಂಡರು. ಕೊಳೆತ ಹುಣ್ಣಿನ ವಾಸನೆ ತಡೆಯಲಾರದೆ ಪೈಪು ಸೇದುವುದನ್ನು ಕಲಿತರು. ಆ ವಾಸನೆಯ ಬಗ್ಗೆ ಅವರು ಊರಿಗೆ ಬರೆದ ಕಾಗದಗಳಲ್ಲಿ ಮುಚ್ಚುಮರೆಯಿಲ್ಲ. ಅಸಹ್ಯ ಆಗುವುದಿಲ್ಲ ಎಂದು ನಟಿಸುವ ಸಂತರ ಸಾಲಿಗೆ ಅವರು ಸೇರಿದವರಲ್ಲ. ಅಸಹ್ಯ ಆಗುತ್ತಿತ್ತು, ಆದರೂ ಮುಟ್ಟುತ್ತಿದ್ದರು.

ಪ್ರಬೋಧನೆಯಲ್ಲಿ ಅವರು ಜನರನ್ನು ‘ಸಹೋದರರೇ’ ಎಂದು ಕರೆಯುವ ಬದಲು ‘ಕುಷ್ಠರೋಗಿಗಳಾದ ನಾವು’ ಎನ್ನುತ್ತಿದ್ದರು. ಸಿನಿಮಾಗಳಲ್ಲಿ, ಭಕ್ತಿಯ ಕಥೆಗಳಲ್ಲಿ ಇದು ಅವರಿಗೆ ರೋಗ ಬಂದ ದಿನ ಹೊರಟ ಮಾತಾಗಿ ಕಾಣಿಸುತ್ತದೆ. ನಿಜ ಸಂಗತಿ ಅದಕ್ಕಿಂತ ದೊಡ್ಡದು. ಅಣ್ಣನಿಗೆ 1873ರಲ್ಲೇ, ಬಂದ ವರ್ಷವೇ ಬರೆದ ಕಾಗದದಲ್ಲಿ ಅವರು ಇದನ್ನು ಹೇಳಿಕೊಂಡಿದ್ದಾರೆ. ಮೈಗೆ ರೋಗ ತಗುಲುವ ಎಷ್ಟೋ ವರ್ಷ ಮೊದಲೇ ಅವರು ಆ ಜನರ ಗುಂಪಿಗೆ ಸೇರಿಕೊಂಡಾಗಿತ್ತು.

ಬಿಸಿನೀರು ಸುಡಲಿಲ್ಲ

1884ರ ಕೊನೆಯಲ್ಲಿ ಒಂದು ದಿನ ಡೇಮಿಯನ್ ದಣಿದ ಕಾಲನ್ನು ಬಿಸಿನೀರಿನಲ್ಲಿ ಇಟ್ಟರು. ಚರ್ಮ ಬೊಬ್ಬೆಯೆದ್ದಿತು, ನೋವಾಗಲಿಲ್ಲ. ವೈದ್ಯ ಎಡ್ವರ್ಡ್ ಆರ್ನಿಂಗ್ ಪರೀಕ್ಷೆ ಮಾಡಿ ಕುಷ್ಠವೆಂದು ದೃಢಪಡಿಸಿದರು.

ಈ ರೋಗ ಮುಖವನ್ನು ಕೆಡಿಸುವ ಬಗೆ ಈಗ ನಮಗೆ ತಿಳಿದಿದೆ. ಡೇಮಿಯನ್ ದ್ವೀಪಕ್ಕೆ ಬಂದ 1873ರಲ್ಲೇ ನಾರ್ವೆಯ ವೈದ್ಯ ಆರ್ಮವರ್ ಹ್ಯಾನ್ಸನ್ ಇದರ ಸೂಕ್ಷ್ಮಾಣುವನ್ನು ಕಂಡುಹಿಡಿದರು. ಈ ಸೂಕ್ಷ್ಮಾಣುವಿಗೆ ದೇಹದ ತಂಪಾದ ಭಾಗಗಳು ಇಷ್ಟ. ಹಾಗಾಗಿ ಮೂಗು, ಕಿವಿ, ಹುಬ್ಬು, ಕೈಕಾಲುಗಳಲ್ಲಿ ಅದು ಹೆಚ್ಚು ಬೆಳೆಯುತ್ತದೆ. ನರಗಳನ್ನು ಕೆಡಿಸಿ ಸ್ಪರ್ಶಜ್ಞಾನ ಕಳೆಯುತ್ತದೆ. ಬೆರಳುಗಳು ತಾವಾಗಿಯೇ ಉದುರುವುದಿಲ್ಲ. ನೋವು ತಿಳಿಯದೆ ಸುಟ್ಟುಕೊಂಡು, ಕೊಯ್ದುಕೊಂಡು, ಗಾಯ ಕೊಳೆತು ಸವೆಯುತ್ತವೆ. ಸೋಂಕು ತಗುಲಿ ಲಕ್ಷಣ ಕಾಣಲು ವರ್ಷಗಳೇ ಬೇಕಾಗುವುದರಿಂದ ರೋಗ ಎಲ್ಲಿಂದ, ಯಾರಿಂದ ಬಂತು ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಕತ್ತಲಿನಲ್ಲಿ ‘ಪಾಪದ ಫಲ’ ಎಂಬ ಮಾತು ಸಲೀಸಾಗಿ ಬೆಳೆಯಿತು. ಕುಷ್ಠವು ಲೈಂಗಿಕ ರೋಗದ್ದೇ ಮುಂದಿನ ಹಂತ ಎಂದು ನಂಬಿದ್ದವರು ವೈದ್ಯರಲ್ಲೂ ಇದ್ದರು.

ಡೇಮಿಯನ್ ತೀರಿಕೊಂಡ ಕೆಲವೇ ತಿಂಗಳಲ್ಲಿ ಹೊನೊಲುಲುವಿನ ಪ್ರೊಟೆಸ್ಟಂಟ್ ಬೋಧಕ ಚಾರ್ಲ್ಸ್ ಹೈಡ್ ಬರೆದ ಕಾಗದವೊಂದು ಪತ್ರಿಕೆಯಲ್ಲಿ ಅಚ್ಚಾಯಿತು. ಡೇಮಿಯನ್ ಕೊಳಕು ಮನುಷ್ಯ, ಅವರಿಗೆ ರೋಗ ಬಂದದ್ದು ಅವರ ನಡತೆಗೇಡಿನಿಂದ ಎಂಬುದು ಅದರ ಸಾರ. ಸ್ವತಃ ಕಲಾವುಪಾಪಕ್ಕೆ ಹೋಗಿ ಬಂದಿದ್ದ ಕಾದಂಬರಿಕಾರ ರಾಬರ್ಟ್ ಲೂಯಿ ಸ್ಟೀವನ್‌ಸನ್ 1890ರಲ್ಲಿ ಬಹಿರಂಗ ಪತ್ರ ಬರೆದು ಹೈಡ್‌ಗೆ ಉತ್ತರ ಕೊಟ್ಟರು. ಮುಖ ಕೆಟ್ಟವರ ನಡತೆಯೂ ಕೆಟ್ಟಿರಬೇಕು ಎಂದು ಊಹಿಸುವ ಚಾಳಿಗೆ ಒಬ್ಬ ಪಾದ್ರಿಯೂ ಬಲಿಯಾದರು ಎಂದರೆ ಹೆಸರಿಲ್ಲದ ರೋಗಿಗಳ ಪಾಡನ್ನು ಯೋಚಿಸಬೇಕು.

ರೋಗ ಬಂದಿದೆ ಎಂದು ಗೊತ್ತಾದ ಮೇಲೆ ಡೇಮಿಯನ್ ಕೈಕಟ್ಟಿ ಕೂರಲಿಲ್ಲ. ಜಪಾನಿನ ವೈದ್ಯ ಮಸನಾವೊ ಗೋಟೊ ಅವರ ಬಿಸಿನೀರಿನ ಸ್ನಾನದ ಚಿಕಿತ್ಸೆ ಪಡೆಯಲು 1886ರಲ್ಲಿ ಹೊನೊಲುಲುವಿಗೆ ಹೋದರು. ಅದು ಉಪಯೋಗಕ್ಕೆ ಬರಬಹುದೆಂದು ಕಲವಾವೊದಲ್ಲೂ ಸ್ನಾನದ ಮನೆ ಕಟ್ಟಿಸಿದರು. ಭಾರತ ಸುತ್ತಿ ಬಂದಿದ್ದ ಕ್ಲಿಫರ್ಡ್ ತಂದುಕೊಟ್ಟ ಗರ್ಜನ್ ಮರದ ಎಣ್ಣೆಯನ್ನು ಹಚ್ಚಿಕೊಂಡರು. ಮುಂದೆ ದಶಕಗಳ ಕಾಲ ಈ ರೋಗಕ್ಕೆ ಜಗತ್ತಿನ ಮುಖ್ಯ ಮದ್ದಾಗಿದ್ದ ಚಾಲ್‌ಮೂಗ್ರ ಎಣ್ಣೆ ಸಿಗುತ್ತಿದ್ದ ಮರಗಳ ಸಂಬಂಧಿ ನಮ್ಮ ಪಶ್ಚಿಮ ಘಟ್ಟದಲ್ಲೂ ಇದೆ, ಗರುಡಫಲದ ಮರ. ಅದರ ಬೀಜದಿಂದಲೂ ಇಂಥದೇ ಎಣ್ಣೆ ತೆಗೆಯುತ್ತಿದ್ದರು. 1940ರ ದಶಕದಲ್ಲಿ ಸಲ್ಫೋನ್ ಔಷಧಿಗಳು, 1980ರ ದಶಕದಲ್ಲಿ ಬಹುಔಷಧಿ ಚಿಕಿತ್ಸೆ ಬಂದ ಮೇಲೆ ರೋಗ ಪೂರ್ತಿ ಗುಣವಾಗತೊಡಗಿತು.

ಸಂತರೊಬ್ಬರು ಮದ್ದು ಹುಡುಕಿಕೊಂಡು ಹೋದದ್ದನ್ನು ಒತ್ತಿ ಹೇಳಲು ಕಾರಣವಿದೆ. ಕಾಯಿಲೆಯನ್ನು ದೇವರ ಇಚ್ಛೆಯೆಂದು ಒಪ್ಪಿ ಚಿಕಿತ್ಸೆ ಬಿಡುವುದು ಭಕ್ತಿ ಎಂದು ತಿಳಿದವರು ಈಗಲೂ ಇದ್ದಾರೆ. ಯೇಸು ಗೆತ್ಸೆಮನಿ ತೋಟದಲ್ಲಿ ಈ ಕಷ್ಟದ ಪಾತ್ರೆಯನ್ನು ತೆಗೆದುಬಿಡೆಂದು ತಂದೆಯನ್ನು ಬೇಡಿದರು. ಸಂತ ಪೌಲರು ತಮ್ಮ ಮೈಯಲ್ಲಿ ನಾಟಿದ ಮುಳ್ಳನ್ನು ಕಿತ್ತುಹಾಕೆಂದು ಮೂರು ಸಲ ಪ್ರಾರ್ಥಿಸಿದರು. ಗುಣವಾಗಬೇಕೆಂದು ಆಸೆಪಡುವುದರಲ್ಲಿ, ಕೂದಲು ಮತ್ತೆ ಬರಲಿ, ಮುಖ ಮೊದಲಿನಂತಾಗಲಿ ಎಂದು ಅಳುವುದರಲ್ಲಿ ನಂಬಿಕೆಯ ಕೊರತೆಯೇನೂ ಇಲ್ಲ.

ಇದು ಯಾರ ಪಾಪ?

ಹುಟ್ಟುಕುರುಡನೊಬ್ಬನನ್ನು ತೋರಿಸಿ ಶಿಷ್ಯರು ಯೇಸುವನ್ನು ಕೇಳುತ್ತಾರೆ, ಪಾಪ ಮಾಡಿದವನು ಇವನೋ, ಇವನ ಹೆತ್ತವರೋ ಎಂದು. ಇಬ್ಬರೂ ಅಲ್ಲ ಎನ್ನುವುದು ಯೊವಾನ್ನರ ಶುಭಸಂದೇಶದಲ್ಲಿ ಯೇಸುವಿನ ಉತ್ತರ. ಹಳೆಯ ಒಡಂಬಡಿಕೆಯ ಯೋಬನ ಕಥೆಯೂ ಇದನ್ನೇ ಹೇಳುತ್ತದೆ. ಅಂಗಾಲಿನಿಂದ ನೆತ್ತಿಯವರೆಗೆ ಹುಣ್ಣೆದ್ದು ಬೂದಿಯಲ್ಲಿ ಕೂತ ಯೋಬನಿಗೆ ಸ್ನೇಹಿತರು ನೀನೇನೋ ತಪ್ಪು ಮಾಡಿರಬೇಕು ಎಂದು ಅಧ್ಯಾಯಗಟ್ಟಲೆ ಉಪದೇಶ ಮಾಡುತ್ತಾರೆ. ಕೊನೆಗೆ ದೇವರು ಸಿಟ್ಟಾಗುವುದು ಆ ಉಪದೇಶಕರ ಮೇಲೆ.

ಪೋಪ್ ಎರಡನೆಯ ಜಾನ್ ಪಾಲ್ 1984ರ ಫೆಬ್ರುವರಿ 11ರಂದು, ಲೂರ್ದು ಮಾತೆಯ ಹಬ್ಬದ ದಿನ, ಸಂಕಟದ ಅರ್ಥ ಕುರಿತು ‘ಸಾಲ್ವಿಫಿಚಿ ದೊಲೋರಿಸ್’ ಎಂಬ ಪ್ರೇಷಿತ ಪತ್ರ ಹೊರಡಿಸಿದರು. ಸಂಕಟವೆಲ್ಲ ಶಿಕ್ಷೆಯೆಂಬ ವಾದವನ್ನು ಅದು ಯೋಬನನ್ನೇ ಮುಂದಿಟ್ಟು ತಳ್ಳಿಹಾಕುತ್ತದೆ. ಕಷ್ಟಪಡುವವರು ತಮ್ಮ ಕಷ್ಟವನ್ನು ಕ್ರಿಸ್ತನ ಶಿಲುಬೆಯ ಜೊತೆ ಸೇರಿಸಿ ಇತರರಿಗಾಗಿ ಒಪ್ಪಿಸಬಹುದು ಎನ್ನುತ್ತದೆ. ದಾರಿಯಲ್ಲಿ ಬಿದ್ದವನನ್ನು ಎತ್ತಿ ಗಾಯಕ್ಕೆ ಎಣ್ಣೆ ಹಚ್ಚಿದ ಸಮಾರಿಯದವನ ಕಥೆಯನ್ನು ಹೇಳಿ, ಕಷ್ಟ ಕಂಡವರು ನಿಂತು ಕೈಚಾಚಲೇಬೇಕು ಎಂದೂ ಹೇಳುತ್ತದೆ. ಎರಡೂ ಒಟ್ಟಿಗೆ ಇರಬೇಕು. ಮೊದಲನೆಯದನ್ನು ಮಾತ್ರ ರೋಗಿಗೆ ಬೋಧಿಸಿ ಎರಡನೆಯದನ್ನು ತಾನು ಮರೆಯುವ ಆರೋಗ್ಯವಂತನ ಮಾತಿಗೆ ಬೆಲೆಯಿಲ್ಲ. ‘ದೇವರು ತಾಳಬಲ್ಲವರಿಗೇ ಕಷ್ಟ ಕೊಡುತ್ತಾನೆ’ ಎಂದು ಆಸ್ಪತ್ರೆಯ ಮಂಚದ ಪಕ್ಕ ನಿಂತು ಹೇಳಿ ಹಣ್ಣಿನ ಚೀಲ ಇಟ್ಟು ಹೊರಡುವುದು ಸುಲಭ. ಒಪ್ಪಿಸುವುದು ರೋಗಿಯೊಬ್ಬರು ತಮ್ಮ ಹೊತ್ತಿಗೆ, ತಮ್ಮ ಮನಸ್ಸಿನಿಂದ ಮಾಡುವ ಕೆಲಸ. ಅದನ್ನು ಇನ್ನೊಬ್ಬರು ಅವರಿಂದ ಮಾಡಿಸಲಾಗದು.

ಆ ಪತ್ರ ಬರೆದ ಜಾನ್ ಪಾಲ್‌ರ ಮುಖವೂ ಮುಂದೆ ಬದಲಾಯಿತು. 1986ರ ಫೆಬ್ರುವರಿಯಲ್ಲಿ ಅವರು ಮಂಗಳೂರಿಗೆ ಬಂದಾಗ ನಮ್ಮ ಜನ ನೋಡಿದ್ದು ಹಿಮದ ಮೇಲೆ ಸ್ಕೀ ಆಡುತ್ತಿದ್ದ, ಯೌವನದಲ್ಲಿ ನಾಟಕದ ನಟನಾಗಿದ್ದ ಗಟ್ಟಿಮುಟ್ಟಾದ ಮನುಷ್ಯನನ್ನು. ಪಾರ್ಕಿನ್ಸನ್ ಕಾಯಿಲೆ ಆ ನಟನ ಮುಖದ ಸ್ನಾಯುಗಳನ್ನು ಬಿಗಿಮಾಡಿತು, ನಗೆಯನ್ನು ಕಸಿದುಕೊಂಡಿತು, ಮಾತನ್ನು ತೊದಲಿಸಿತು. ಅವರು ಮರೆಗೆ ಸರಿಯಲಿಲ್ಲ. 2005ರ ಮಾರ್ಚ್ 27ರ ಈಸ್ಟರ್ ಭಾನುವಾರ ವ್ಯಾಟಿಕನ್ನಿನ ಕಿಟಕಿಯಲ್ಲಿ ನಿಂತು ಮಾತಾಡಲು ಯತ್ನಿಸಿದರು, ಸ್ವರ ಹೊರಡಲಿಲ್ಲ. ಕೈಯಿಂದ ಶಿಲುಬೆಯ ಗುರುತು ಮಾಡಿ ಆಶೀರ್ವದಿಸಿದರು. ಏಪ್ರಿಲ್ 2ರಂದು ತೀರಿಕೊಂಡರು. ಇಂಥ ಮುಖವನ್ನು ಟಿವಿಯಲ್ಲಿ ತೋರಿಸುವುದು ಸರಿಯೇ ಎಂದು ಆಗ ಹಲವರು ಕೇಳಿದ್ದರು. ಆ ಪ್ರಶ್ನೆಯಲ್ಲಿ ಕರುಣೆ ಇತ್ತು, ನಾಚಿಕೆಯೂ ಇತ್ತು. ನಾಚಿಕೆಪಡಬೇಕಾದ ಏನನ್ನೂ ಅವರು ತಮ್ಮ ಮುಖದಲ್ಲಿ ಕಾಣಲಿಲ್ಲ.

ಚರ್ಚಿನ ಹಳೆಯ ಸಾಲ

ಚರ್ಚು ಯಾವಾಗಲೂ ಹೀಗಿರಲಿಲ್ಲ. ಮಧ್ಯಯುಗದ ಯೂರೋಪಿನ ಕೆಲವು ಕಡೆ ಕುಷ್ಠರೋಗಿಯನ್ನು ಊರಿನಿಂದ ಹೊರಹಾಕುವಾಗ ಇಗರ್ಜಿಯಲ್ಲೇ ವಿಧಿ ನಡೆಸುತ್ತಿದ್ದರು. ಬದುಕಿರುವವರಿಗೆ ಸತ್ತವರ ವಿಧಿಯನ್ನೇ ಹೋಲುವ ಪ್ರಾರ್ಥನೆ, ತಲೆಯ ಮೇಲೆ ಮಣ್ಣು, ಇನ್ನು ಮುಂದೆ ಏನೇನು ಮುಟ್ಟಬಾರದು ಎಂಬ ಪಟ್ಟಿ. 1917ರ ಚರ್ಚ್ ಕಾನೂನು ಸಂಹಿತೆಯ 984ನೆಯ ನಿಯಮವು ದೈಹಿಕ ವಿಕಾರದಿಂದಾಗಿ ಪೂಜಾಪೀಠದ ಸೇವೆಯನ್ನು ‘ಶೋಭಿಸುವಂತೆ’ ನಡೆಸಲಾಗದವರು ಗುರುದೀಕ್ಷೆಗೆ ಯೋಗ್ಯರಲ್ಲ ಎಂದಿತ್ತು. 1983ರ ಸಂಹಿತೆಯಲ್ಲಿ ಅದನ್ನು ಕೈಬಿಡಲಾಯಿತು. ಇಂಥ ನಿಯಮಗಳಿಂದಾಗಿಯೇ ಹಿಂದೆ 17ನೆಯ ಶತಮಾನದಲ್ಲಿ ಉತ್ತರ ಅಮೆರಿಕದಲ್ಲಿ ಸೆರೆಸಿಕ್ಕಿ ಬೆರಳುಗಳನ್ನು ಕಳೆದುಕೊಂಡ ಯೇಸುಸಭೆಯ ಪಾದ್ರಿ ಐಸಾಕ್ ಜೋಗ್ ಮತ್ತೆ ಬಲಿಪೂಜೆ ಅರ್ಪಿಸಲು ಪೋಪ್ ಎಂಟನೆಯ ಅರ್ಬನ್ ವಿಶೇಷ ಅನುಮತಿ ಕೊಡಬೇಕಾಯಿತು.

ಡೇಮಿಯನ್‌ರಿಗೂ ಈ ಬಿಸಿ ತಟ್ಟಿತು. ರೋಗ ಬಂದ ಮೇಲೆ ಅವರು ಹೊನೊಲುಲುವಿಗೆ ಬರಲು ಬಯಸಿದಾಗ, ನೀವು ಬಳಸಿದ ಪಾನಪಾತ್ರೆಯನ್ನು, ತೊಟ್ಟ ಪೂಜಾವಸ್ತ್ರವನ್ನು ಉಳಿದ ಪಾದ್ರಿಗಳು ಮುಟ್ಟಲು ಒಪ್ಪುವುದಿಲ್ಲ ಎಂಬರ್ಥದ ಕಾಗದ ಮೇಲಿನವರಿಂದ ಬಂತು. ಸ್ವಂತ ಮನೆಯ ಬಾಗಿಲು ಹೀಗೆ ಮುಚ್ಚಿದಾಗ ಅವರು ಎಷ್ಟು ನೊಂದರೆಂಬುದು ಅವರ ಪತ್ರಗಳಲ್ಲಿ ಕಾಣುತ್ತದೆ. ಪಾಪನಿವೇದನೆಗೆ ಇನ್ನೊಬ್ಬ ಪಾದ್ರಿ ಸಿಗದೆ ಅವರು ತಿಂಗಳುಗಟ್ಟಲೆ ಒದ್ದಾಡಿದರು. ಬಂದ ಹೊಸತರಲ್ಲೇ ಒಮ್ಮೆ ಹಡಗನ್ನು ಹತ್ತಲು ಬಿಡದಿದ್ದಾಗ ದೋಣಿಯಲ್ಲಿ ನಿಂತು, ಹಡಗಿನ ಮೇಲಿದ್ದ ಹಿರಿಯ ಪಾದ್ರಿಗೆ ಕೂಗಿ ಹೇಳಿ ತಮ್ಮ ಪಾಪಗಳನ್ನು ನಿವೇದಿಸಿಕೊಂಡರು. ಆದರೂ ಕಾಯಿಲೆಯ ವರ್ಷಗಳಲ್ಲಿ ಅವರು ತಮ್ಮನ್ನು ಜಗತ್ತಿನಲ್ಲೇ ಅತ್ಯಂತ ಸುಖಿಯಾದ ಮಿಷನರಿ ಎಂದು ಕರೆದುಕೊಂಡರು. ಒಂಟಿತನವೂ ನಿಜ, ಸಂತೋಷವೂ ನಿಜ. ಪೂಜಾಪೀಠದ ಮೇಲಿನ ಪರಮಪ್ರಸಾದದ ಸಾನ್ನಿಧ್ಯ ಇಲ್ಲದಿದ್ದರೆ ತಾನಿಲ್ಲಿ ನಿಲ್ಲುತ್ತಿರಲಿಲ್ಲ ಎಂದು ಅವರು ಹೇಳುತ್ತಿದ್ದರು. ಕಾಯಿಲೆಯಲ್ಲಿ ಆಧ್ಯಾತ್ಮಿಕ ಅರ್ಥ ಕಂಡುಕೊಂಡವರು ದುಃಖವಿಲ್ಲದವರಾಗಿರುತ್ತಾರೆ ಎಂದು ನಿರೀಕ್ಷಿಸುವುದು ತಪ್ಪು.

ಕಾಯಿಲೆ ಮುಖ ಕೆಡಿಸಿದ ಸಂತರು ಇನ್ನೂ ಇದ್ದಾರೆ. ಬೆರಳು ಕಳೆದುಕೊಂಡ ಜೋಗ್ ಮುಂದೆ ಹತರಾದ ಮೊಹಾಕ್ ಜನರ ಹಳ್ಳಿಯಲ್ಲೇ, ಹತ್ತು ವರ್ಷದ ನಂತರ, 1656ರಲ್ಲಿ ಕಟೆರಿ ಟೆಕಕ್ವಿತಾ ಹುಟ್ಟಿದರು. ಸಿಡುಬು ಅವರ ತಂದೆ, ತಾಯಿ, ತಮ್ಮನನ್ನು ಕೊಂದಿತು. ಬದುಕುಳಿದ ಬಾಲೆಯ ಮುಖದ ತುಂಬ ಕಲೆ, ಕಣ್ಣು ಮಂಜು. ಇಪ್ಪತ್ತರ ವಯಸ್ಸಿನಲ್ಲಿ ಸ್ನಾನದೀಕ್ಷೆ ಪಡೆದ ಆಕೆ 1680ರಲ್ಲಿ, 24ನೆಯ ವಯಸ್ಸಿನಲ್ಲಿ ತೀರಿಕೊಂಡರು. 2012ರಲ್ಲಿ ಸಂತ ಪದವಿಗೇರಿದರು. ಡೇಮಿಯನ್‌ರ ಕೆಲಸವನ್ನು ಮುಂದುವರಿಸಿದ ಸಿಸ್ಟರ್ ಮರಿಯಾನ್ ಕೋಪ್ ಕೂಡ ಸಂತರೆಂದು ಘೋಷಿತರಾದದ್ದು ಅದೇ ದಿನ. ಕಟೆರಿ ತೀರಿಕೊಂಡ ಸ್ವಲ್ಪ ಹೊತ್ತಿನಲ್ಲಿ ಮುಖದ ಕಲೆಗಳೆಲ್ಲ ಮಾಯವಾಗಿ ಅವರು ಸುಂದರಿಯಾಗಿ ಕಂಡರೆಂದು ಪಕ್ಕದಲ್ಲಿದ್ದ ಪಾದ್ರಿ ಬರೆದಿದ್ದಾರೆ. ಆ ಸಾಕ್ಷ್ಯವನ್ನು ನಾನು ಗೌರವಿಸುತ್ತೇನೆ. ಆದರೆ ಕಲೆ ಹೊತ್ತ ಮುಖದಿಂದಲೇ ಇಪ್ಪತ್ತು ವರ್ಷ ಪ್ರಾರ್ಥಿಸಿದ, ದುಡಿದ, ನಕ್ಕ ಹೆಣ್ಣುಮಗಳನ್ನು ದೇವರು ಕಡಿಮೆ ಪ್ರೀತಿಸಿದನೆಂದು ಯಾರೂ ಆ ಕಥೆಯಿಂದ ತಿಳಿಯಬಾರದು.

ಮುಖ ನೋಡಿ ಗುರುತಿಸಲಾಗದ ಯೇಸು

ಕಥೋಲಿಕರು ಶುಭ ಶುಕ್ರವಾರದ ಆರಾಧನೆಯಲ್ಲಿ ಪ್ರತಿವರ್ಷ ಯೆಶಾಯ ಪ್ರವಾದಿಯ ಒಂದು ಭಾಗವನ್ನು ಓದುತ್ತಾರೆ. ನೋಡಲು ಅಂದವಿಲ್ಲದ, ಮನುಷ್ಯರೂಪವೇ ಕೆಟ್ಟುಹೋದ, ಜನ ಮುಖ ತಿರುಗಿಸಿಕೊಳ್ಳುವ ಸೇವಕನೊಬ್ಬನ ವರ್ಣನೆ ಅದು. ಆ ಸೇವಕನಲ್ಲಿ ಚರ್ಚು ಯೇಸುವನ್ನು ಕಾಣುತ್ತದೆ. ತಪಸ್ಸುಕಾಲದ ಶಿಲುಬೆಯ ಹಾದಿಯ ಆರನೆಯ ಸ್ಥಳದಲ್ಲಿ ವೆರೋನಿಕ ಎಂಬ ಹೆಂಗಸು ಸೈನಿಕರ ನಡುವೆ ನುಗ್ಗಿ, ರಕ್ತ, ಬೆವರು, ಉಗುಳು ಮೆತ್ತಿದ ಮುಖವನ್ನು ಬಟ್ಟೆಯಿಂದ ಒರೆಸುತ್ತಾಳೆ. ಆ ಬಟ್ಟೆಯಲ್ಲಿ ಅಚ್ಚೊತ್ತಿ ಉಳಿದದ್ದು ಜಜ್ಜಿದ ಮುಖವೇ ಎನ್ನುತ್ತದೆ ಪರಂಪರೆ.

ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಆಮೇಲಿನ ಕಥೆ. ಪುನರುತ್ಥಾನದ ಬೆಳಿಗ್ಗೆ ಮಗ್ದಲದ ಮರಿಯಳು ಯೇಸುವನ್ನು ನೋಡಿ ತೋಟದ ಮಾಲಿ ಎಂದುಕೊಳ್ಳುತ್ತಾಳೆ. ಎಮ್ಮಾವುಸಿನ ದಾರಿಯಲ್ಲಿ ಇಬ್ಬರು ಶಿಷ್ಯರು ಮೈಲಿಗಟ್ಟಲೆ ಜೊತೆಗೆ ನಡೆದರೂ ಗುರುತು ಹಿಡಿಯುವುದಿಲ್ಲ. ಮರಿಯಳಿಗೆ ಗುರುತು ಸಿಗುವುದು ಅವರು ಅವಳ ಹೆಸರು ಹಿಡಿದು ಕರೆದಾಗ. ಆ ಇಬ್ಬರಿಗೆ ಗುರುತು ಸಿಗುವುದು ಅವರು ರೊಟ್ಟಿ ಮುರಿದು ಕೊಟ್ಟಾಗ. ಸಂಶಯಪಟ್ಟ ತೋಮನಿಗೆ ಅವರು ತೋರಿಸುವುದು ಕೈಯ, ಪಕ್ಕೆಯ ಗಾಯಗಳನ್ನು. ಸಾವನ್ನೇ ಗೆದ್ದವನಿಗೆ ಮೊಳೆಯ ಕಲೆ ಅಳಿಸುವುದು ಕಷ್ಟದ ಕೆಲಸವಾಗಿರಲಿಲ್ಲ. ಆದರೂ ಉಳಿಸಿಕೊಂಡರು. ದೇವರ ಮಹಿಮೆಯನ್ನು ಹೊತ್ತ ದೇಹವೂ ಗಾಯದ ದೇಹವೇ ಎಂದು ನಂಬುವವರಿಗೆ ತಮ್ಮ ಹೊಲಿಗೆಯ ಗೆರೆ, ಬೋಳಾದ ತಲೆ, ಇಲ್ಲದ ಸ್ತನ, ಸೊಟ್ಟಗಾದ ಬಾಯಿ ದೇವರಿಂದ ದೂರ ಹೋದ ಗುರುತಾಗಲಾರವು. ಹತ್ತಿರದವರು ನಮ್ಮನ್ನು ಗುರುತಿಸಬೇಕಾದದ್ದು ದನಿಯಿಂದ, ಕೊಟ್ಟ ಪ್ರೀತಿಯಿಂದ, ತಾಳಿಕೊಂಡ ಗಾಯದಿಂದ ಎಂಬುದೂ ಆ ಕಥೆಯಲ್ಲಿದೆ.

ಹವಾಯಿಯ ಜನ ಇದನ್ನು ಅರ್ಥ ಮಾಡಿಕೊಂಡರು. 1969ರಲ್ಲಿ ಅಮೆರಿಕದ ಸಂಸತ್ ಭವನದಲ್ಲಿ ನಿಲ್ಲಿಸಲು ಡೇಮಿಯನ್‌ರ ಕಂಚಿನ ಪ್ರತಿಮೆಯನ್ನು ಮಾಡಿಸಿದಾಗ ಅವರು ಆರಿಸಿದ್ದು ಮರಿಸೊಲ್ ಎಂಬ ಕಲಾವಿದೆಯ ಕೃತಿಯನ್ನು. ಡೇಮಿಯನ್‌ರ ಕೊನೆಯ ದಿನಗಳ ಫೋಟೊ ಆಧರಿಸಿ ಆಕೆ ರೋಗ ತಿಂದ ಮುಖವನ್ನೇ ಕಡೆದಿದ್ದರು. ಸುಂದರ ತರುಣನ ಪ್ರತಿಮೆ ಬೇಕೆಂದವರು ಇದ್ದರು, ತಕರಾರೂ ನಡೆಯಿತು. ಆದರೆ ಇಂದು ವಾಷಿಂಗ್ಟನ್ನಿನಲ್ಲೂ ಹೊನೊಲುಲುವಿನ ಶಾಸನಸಭೆಯ ಮುಂದೆಯೂ ನಿಂತಿರುವುದು ಆ ಮುಖವೇ. ಡೇಮಿಯನ್‌ರ ದೇಹವನ್ನು 1936ರಲ್ಲಿ ಬೆಲ್ಜಿಯಂಗೆ ಒಯ್ಯಲಾಯಿತು. 1995ರಲ್ಲಿ ಅವರ ಬಲಗೈಯ ಅವಶೇಷ ಮೊಲೊಕಾಯ್‌ಗೆ ಮರಳಿತು. ಹುಣ್ಣು ತೊಳೆದ, ಶವಪೆಟ್ಟಿಗೆ ಮಾಡಿದ, ಕೊನೆಗೆ ತಾನೇ ಹುಣ್ಣಾದ ಕೈಯದು.

ಕಂಕನಾಡಿಯಿಂದ ಸುಮನಹಳ್ಳಿಯವರೆಗೆ

ಡೇಮಿಯನ್ ಕಣ್ಮುಚ್ಚಿದ ಮರುವರ್ಷವೇ, 1890ರಲ್ಲಿ, ಮಂಗಳೂರಿನ ಕಂಕನಾಡಿಯಲ್ಲಿ ಯೇಸುಸಭೆಯ ಜರ್ಮನ್ ಪಾದ್ರಿ ಆಗಸ್ಟಸ್ ಮುಲ್ಲರ್ ಕುಷ್ಠರೋಗಿಗಳಿಗೆ ಆಶ್ರಯಧಾಮ ತೆರೆದರು. 1880ರಲ್ಲಿ ಅವರು ಶುರುಮಾಡಿದ ಹೋಮಿಯೋಪತಿ ಔಷಧಾಲಯ ಇಂದು ದೊಡ್ಡ ವೈದ್ಯಕೀಯ ಕಾಲೇಜು, ಆಸ್ಪತ್ರೆಯಾಗಿ ಬೆಳೆದಿದೆ. ಬೆಂಗಳೂರಿನ ಮಾಗಡಿ ರಸ್ತೆಯ ಸುಮನಹಳ್ಳಿ ಈಗ ಹೆಚ್ಚಿನವರಿಗೆ ಮೇಲ್ಸೇತುವೆಯ ಹೆಸರು. 1970ರ ದಶಕದ ಕೊನೆಯಲ್ಲಿ ಬೆಂಗಳೂರು ಮಹಾಧರ್ಮಕ್ಷೇತ್ರ ಅಲ್ಲಿ ಕುಷ್ಠರೋಗಿಗಳ ಪುನರ್ವಸತಿ ಕೇಂದ್ರ ನಡೆಸತೊಡಗಿತು. ಗುಣವಾದವರು ಅಲ್ಲಿ ಕಸುಬು ಕಲಿತು ತಮ್ಮ ಅನ್ನ ತಾವು ದುಡಿಯುವಂತಾದರು.

ನಮ್ಮ ದೇಶದ ಕಾನೂನು ನಿಧಾನಕ್ಕೆ ಬದಲಾಯಿತು. ಬ್ರಿಟಿಷರ ಕಾಲದ 1898ರ ಕುಷ್ಠರೋಗಿಗಳ ಕಾಯ್ದೆ ರದ್ದಾದದ್ದು 2016ರಲ್ಲಿ. ಕುಷ್ಠವನ್ನು ವಿಚ್ಛೇದನಕ್ಕೆ ಕಾರಣವಾಗಿ ಒಪ್ಪುತ್ತಿದ್ದ ನಿಯಮಗಳನ್ನು ತೆಗೆದದ್ದು 2019ರಲ್ಲಿ. ಗುಣವಾಗುವ ಕಾಯಿಲೆಯೊಂದು ಮುಖದ ಮೇಲೆ ಬಿಟ್ಟುಹೋದ ಗುರುತಿಗಾಗಿ ಹೆಂಡತಿಯನ್ನೋ ಗಂಡನನ್ನೋ ಬಿಡಬಹುದೆಂದು ಅಷ್ಟು ವರ್ಷ ನಾವು ಒಪ್ಪಿಕೊಂಡಿದ್ದೆವು.

ರೋಗಿಗಳಿಗೆ ಎಣ್ಣೆ ಹಚ್ಚುವ ಚರ್ಚಿನ ಸಂಸ್ಕಾರವೂ ಕಳೆದ ಶತಮಾನದಲ್ಲಿ ಹೊಸ ಉಸಿರು ಪಡೆಯಿತು. ಹಿಂದೆ ಪಾದ್ರಿಗಳು ಎಣ್ಣೆ ಹಿಡಿದು ಮನೆಗೆ ಬಂದರೆಂದರೆ ಇನ್ನು ಎಲ್ಲ ಮುಗಿಯಿತೆಂದೇ ಅರ್ಥ. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಇದು ಸಾಯುವವರಿಗೆ ಮಾತ್ರ ಮೀಸಲಲ್ಲ ಎಂದಿತು. 1972ರಲ್ಲಿ ಹೊಸ ವಿಧಿ ಬಂತು. ಗಂಭೀರ ಕಾಯಿಲೆಯಲ್ಲಿರುವವರು, ದೊಡ್ಡ ಶಸ್ತ್ರಚಿಕಿತ್ಸೆಗೆ ಹೋಗುವವರು, ವಯಸ್ಸಿನಿಂದ ಕುಗ್ಗಿದವರು ಈಗ ಇದನ್ನು ಕೇಳಿ ಪಡೆಯಬಹುದು. ಪಾದ್ರಿ ತಮ್ಮ ಬರಿಗೈಯಿಂದ ರೋಗಿಯ ಹಣೆಗೆ, ಅಂಗೈಗೆ ಎಣ್ಣೆ ಹಚ್ಚುತ್ತಾರೆ. ಮಾರ್ಕನ ಶುಭಸಂದೇಶದಲ್ಲಿ ಯೇಸು ಕುಷ್ಠರೋಗಿಯನ್ನು ಮೊದಲು ಮುಟ್ಟುತ್ತಾರೆ, ಗುಣವಾಗುವುದು ಆಮೇಲೆ. ಅದರ ಮುಂದಿನ ಸಾಲುಗಳು ಇನ್ನೂ ಗಾಢವಾಗಿವೆ: ಗುಣವಾದವನು ಹೋಗಿ ಸುದ್ದಿಯನ್ನು ಎಲ್ಲೆಡೆ ಹರಡುತ್ತಾನೆ, ಅದರಿಂದ ಯೇಸು ಊರೊಳಗೆ ಕಾಲಿಡಲಾಗದೆ ನಿರ್ಜನ ಜಾಗದಲ್ಲಿ ಉಳಿಯಬೇಕಾಗುತ್ತದೆ. ಮುಟ್ಟಿದವನು ಮುಟ್ಟಿಸಿಕೊಂಡವನ ಜಾಗಕ್ಕೆ ಹೋದನು. ಡೇಮಿಯನ್ ಮಾಡಿದ್ದೂ ಅದನ್ನೇ.

ನಮ್ಮ ಇಗರ್ಜಿಗಳಲ್ಲಿ ಈಗ ಆಗಬೇಕಾದದ್ದು ಏನು? ಮುಖ ನೋಡಿ ಮಣೆ ಹಾಕುವ ರೂಢಿ ದೇವರ ಮನೆಯೊಳಗೂ ಇದೆ. ಕೀಮೊ ಮುಗಿಸಿ ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಬಂದವರು ಕಡೆಯ ಬೆಂಚಿನಲ್ಲಿ ಕೂತು ಎಲ್ಲರಿಗಿಂತ ಮೊದಲು ಎದ್ದುಹೋಗುತ್ತಾರೆ. ಮುಖದಲ್ಲಿ ಸುಟ್ಟ ಕಲೆಯಿರುವ ಹುಡುಗಿಯನ್ನು ಹಬ್ಬದ ಮೆರವಣಿಗೆಯ ಮುಂದಿನ ಸಾಲಿಗೆ ಕರೆಯಲು ಯಾರಿಗೂ ತೋಚುವುದಿಲ್ಲ. ಪೋಪ್ ಎರಡನೆಯ ಜಾನ್ ಪಾಲ್ ಆರಂಭಿಸಿದ ವಿಶ್ವ ರೋಗಿಗಳ ದಿನವನ್ನು 1993ರಿಂದ ಫೆಬ್ರುವರಿ 11ರಂದು ಆಚರಿಸಲಾಗುತ್ತಿದೆ. ಆ ಒಂದು ದಿನ ರೋಗಿಗಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಉಳಿದ ದಿನ ಮರೆತರೆ ಸಾಲದು. ಅವರನ್ನು ವಾಚನ ಪೀಠಕ್ಕೆ ಕರೆಯಿರಿ. ಪರಮಪ್ರಸಾದ ಹಂಚುವವರ ಪಟ್ಟಿಯಲ್ಲಿ, ಗಾಯನವೃಂದದಲ್ಲಿ, ಧರ್ಮೋಪದೇಶದ ತರಗತಿಯಲ್ಲಿ ಅವರಿಗೆ ಕೆಲಸ ಕೊಡಿ. ಕಾಯಿಲೆಯಲ್ಲಿ ಅವರು ಏನು ಕಂಡರೆಂದು ಕೇಳಿ. ಏನೂ ಕಾಣಲಿಲ್ಲ, ಕತ್ತಲಷ್ಟೇ ಕಂಡೆ ಎಂದರೆ ಅದನ್ನೂ ತಿದ್ದದೆ ಕೇಳಿಸಿಕೊಳ್ಳಿ.

ಕಾಯಿಲೆ ಬಿದ್ದವರಿಗೆ ನಾನು ಹೇಳಬಯಸುವುದು ಒಂದೇ. ನಿಮ್ಮ ಸಂಕಟಕ್ಕೆ ಅರ್ಥ ಹುಡುಕಿಕೊಡುವ ಅವಸರ ಯಾರಿಗೂ ಬೇಡ, ನಿಮಗೂ ಬೇಡ. ಅರ್ಥ ತಡವಾಗಿ ಬರಬಹುದು, ಅರ್ಧವೇ ಬರಬಹುದು. ಅದು ಬರುವ ಮೊದಲೇ, ಮುಖ ಹೇಗೇ ಇರಲಿ, ಬಲಿಪೂಜೆಯಲ್ಲಿ ನಿಮ್ಮ ಜಾಗ ನಿಮ್ಮದೇ. ಅದನ್ನು ನಿಮಗೆ ಕೊಟ್ಟದ್ದು ಸ್ನಾನದೀಕ್ಷೆ, ಆರೋಗ್ಯವಲ್ಲ. ಆ ಜಾಗಕ್ಕೆ ನೀವು ಅಳುಕಿಲ್ಲದೆ ಬಂದು ಕೂರುವಂತೆ ನೋಡಿಕೊಳ್ಳುವುದು ಉಳಿದ ನಮ್ಮೆಲ್ಲರ ಹೊಣೆ.